ಹಸಿರು ಶಾಯಿಯ ಸಹಿ ಮತ್ತು ಆಡಳಿತ ಸುಧಾರಣೆ

ಆಡಳಿತ ಸುಧಾರಣೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಿಮ್ಮಲ್ಲಿ ಅನೇಕರಿಗೆ ಆಕಳಿಕೆ ಬರುವುದೆಂದು ನಾನು ಬಲ್ಲೆ. ಪೌರನೀತಿಯ ಕೊನೆಯ ಪಾಠಗಳನ್ನು ಮಧ್ಯಾಹ್ನದ ಊಟದ ನಂತರದ ಅವಧಿಯಲ್ಲಿ ಬೋಧಿಸಿದವನಿಗೆ ಆ ಆಕಳಿಕೆ ಹೊಸದೇನಲ್ಲ. ಆದರೂ ಈ ಸಲ ಆ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಅದಕ್ಕೆ ಎರಡು ಕಾರಣಗಳಿವೆ. ಭಾರತ ಸರಕಾರವು ತನ್ನ ಕಚೇರಿಗಳ ಕಾರ್ಯವಿಧಾನವನ್ನು ಆಮೂಲಾಗ್ರವಾಗಿ ಪರಿಶೀಲಿಸಲು ಇದುವರೆಗೆ ಎರಡು ಆಡಳಿತ ಸುಧಾರಣಾ ಆಯೋಗಗಳನ್ನು ನೇಮಿಸಿದೆ. ಆ ಎರಡರ ಅಧ್ಯಕ್ಷ ಸ್ಥಾನದಲ್ಲಿಯೂ ಬಹುಕಾಲ ಕುಳಿತವರು ಕನ್ನಡಿಗರು; ಎರಡನೆಯವರಂತೂ ನಮ್ಮ ಸಿದ್ಧಕಟ್ಟೆಯಲ್ಲಿ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ತಲುಪಬಹುದಾದ ಮೂಡುಬಿದಿರೆಯವರು. ಇದು ಮೊದಲನೆಯ ಕಾರಣ. ಆ ಆಯೋಗದ ಒಂದು ಶಿಫಾರಸು ನನ್ನ ಮೇಜಿನ ಮೇಲಿದ್ದ ಒಂದು ಮೊಹರಿಗೆ ನಿವೃತ್ತಿ ಕೊಡಿಸಿತು ಎಂಬುದು ಎರಡನೆಯ ಕಾರಣ. ನಿಮ್ಮಲ್ಲಿ ಎಷ್ಟೋ ಮಂದಿಯ ಅಂಕಪಟ್ಟಿಗಳ ಮೇಲೆ ಆ ಮೊಹರು ಬಿದ್ದಿದೆಯಾದ್ದರಿಂದ ಈ ಕಥೆ ನಿಮ್ಮದೂ ಹೌದು.

ಈಗಿನ ಮಕ್ಕಳಿಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ. ಯಾವುದೇ ಅರ್ಜಿಯೊಡನೆ ಅಂಕಪಟ್ಟಿಯ ನೆರಳಚ್ಚು ಪ್ರತಿಯನ್ನು ಲಗತ್ತಿಸುವುದಿದ್ದರೆ, ಅದರ ಮೇಲೆ ಪತ್ರಾಂಕಿತ ಅಧಿಕಾರಿಯೊಬ್ಬರು ಮೂಲಪ್ರತಿಯನ್ನು ನೋಡಿ, ‘ನೈಜ ಪ್ರತಿ’ ಎಂದು ಬರೆದು, ಸಹಿ ಮಾಡಿ, ಹೆಸರು ಮತ್ತು ಹುದ್ದೆಯ ಮೊಹರು ಒತ್ತಬೇಕಾಗಿತ್ತು. ಪತ್ರಾಂಕಿತ ಅಧಿಕಾರಿಯೆಂದರೆ ಯಾರ ನೇಮಕಾತಿಯು ಸರಕಾರದ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೋ ಅಂಥವರು. ಪೇಟೆಯಲ್ಲಿ ಅಂಥವರು ಕಚೇರಿಗೊಬ್ಬರಂತೆ ಸಿಗುತ್ತಾರೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಅವರನ್ನು ಬೆರಳಲ್ಲಿ ಎಣಿಸಬಹುದಾಗಿತ್ತು: ಸರಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು, ಸರಕಾರಿ ಆಸ್ಪತ್ರೆಯ ವೈದ್ಯರು, ಪಶುವೈದ್ಯರು. ಇವರಲ್ಲಿ ಯಾರೂ ಸಿಗದಿದ್ದರೆ ಬಂಟ್ವಾಳ ತಾಲೂಕಿನ ಕಚೇರಿಗಳಿರುವ ಬಿ.ಸಿ.ರೋಡಿಗೆ ಹೋಗಬೇಕು. ದನಕ್ಕೆ ಚುಚ್ಚುಮದ್ದು ಕೊಟ್ಟು ಕೈ ತೊಳೆದು ಬಂದ ಪಶುವೈದ್ಯರು ಹುಡುಗಿಯೊಬ್ಬಳ ಗಣಿತದ ಅಂಕಗಳು ನಿಜವೆಂದು ಸಾಕ್ಷಿ ಹೇಳುವ ದೃಶ್ಯ ನಮ್ಮೂರಿನಲ್ಲಿ ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ.

ಹಸಿರು ಶಾಯಿಯ ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಪತ್ರಾಂಕಿತ ಅಧಿಕಾರಿಯ ಸಹಿಯೆಂದರೆ ಹಸಿರು ಬಣ್ಣದಲ್ಲಿಯೇ ಇರಬೇಕೆಂಬುದು ಜನರ ದೃಢವಾದ ನಂಬಿಕೆ. ನಾನು ನೀಲಿ ಶಾಯಿಯಲ್ಲಿ ಸಹಿ ಮಾಡಿ ಕೊಟ್ಟಾಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಮಾಸ್ಟ್ರೇ, ಹಸಿರು ಪೆನ್ನು ಇರಲಿಲ್ಲವೋ?” ಎಂದು ಸಂಕೋಚದಿಂದ ಕೇಳಿದ ತಂದೆಯಂದಿರಿದ್ದಾರೆ. ತಮಾಷೆಯೆಂದರೆ, ಕೇಂದ್ರ ಸಚಿವಾಲಯದ ಕಚೇರಿ ಕಾರ್ಯವಿಧಾನದ ಕೈಪಿಡಿಯ ಪ್ರಕಾರ ಹಸಿರು ಅಥವಾ ಕೆಂಪು ಶಾಯಿಯನ್ನು ಬಳಸಲು ಅವಕಾಶವಿರುವುದು ಜಂಟಿ ಕಾರ್ಯದರ್ಶಿ ಮತ್ತು ಅವರಿಗಿಂತ ಮೇಲಿನವರಿಗೆ ಮಾತ್ರ. ಅವರಿಗೂ ಅಪರೂಪದ ಸಂದರ್ಭದಲ್ಲಿ. ನಿಯಮ ಒಂದು ಕಡೆ, ರೂಢಿ ಇನ್ನೊಂದು ಕಡೆ ಹೋಗುವುದಕ್ಕೆ ಇದಕ್ಕಿಂತ ಚಂದದ ಉದಾಹರಣೆ ಸಿಗಲಾರದು.

ಮೇ, ಜೂನ್ ತಿಂಗಳುಗಳಲ್ಲಿ ನಮ್ಮ ಜಗಲಿಯಲ್ಲಿ ಜನ ಸೇರುತ್ತಿದ್ದರು. ರಾಯಿ, ಕರ್ಪೆ, ಕುಕ್ಕಿಪಾಡಿ, ಆಚೆ ವೇಣೂರು ಕಡೆಯಿಂದಲೂ ಬರುತ್ತಿದ್ದರು. ರೈಲ್ವೆಗೆ ಅರ್ಜಿ, ಅಂಚೆ ಇಲಾಖೆಗೆ ಅರ್ಜಿ, ಸೇನೆಗೆ ಅರ್ಜಿ, ಸಿಬ್ಬಂದಿ ನೇಮಕಾತಿ ಆಯೋಗಕ್ಕೆ ಅರ್ಜಿ. ಒಂದೊಂದು ಅರ್ಜಿಗೆ ನಾಲ್ಕೈದು ಪ್ರತಿಗಳು. ಮೂಲಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ ಸಹಿ ಮಾಡುವುದು ನನ್ನ ಅಭ್ಯಾಸ. ಅದಕ್ಕೆ ಸಮಯ ಹಿಡಿಯುತ್ತಿತ್ತು. ನನಗೆ ಅದರಿಂದ ಕಷ್ಟವೇನೂ ಆಗಲಿಲ್ಲ; ಹಳೆಯ ವಿದ್ಯಾರ್ಥಿಗಳ ಮುಖ ನೋಡುವುದಕ್ಕೆ ಅದೊಂದು ನೆಪವಾಗಿತ್ತು. ಕಷ್ಟವಿದ್ದದ್ದು ಬರುವವರಿಗೆ. ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದವರಿಗೆ ನಾನು ಮನೆಯಲ್ಲಿ ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಒಬ್ಬ ಹುಡುಗನ ವಿಷಯ ಹೇಳಬೇಕು. ಹೆಸರು ಹೇಳುವುದಿಲ್ಲ, ಅವನ ಸಹಪಾಠಿಗಳಿಗೆ ಗೊತ್ತಾದರೆ ಆಗಲಿ. ತರಗತಿಯಲ್ಲಿ ಜಾಣ, ಮನೆಯಲ್ಲಿ ತುಂಬ ಬಡತನ. ಕೇಂದ್ರ ಸರಕಾರದ ಒಂದು ಹುದ್ದೆಗೆ ಅರ್ಜಿ ಹಾಕಿದ್ದ. ಆಟಿ ತಿಂಗಳ ಮಳೆ ನಿಮಗೆಲ್ಲ ಗೊತ್ತಷ್ಟೆ. ಅಂಚೆಯಲ್ಲಿ ಹೋದ ಲಕೋಟೆ ದಾರಿಯಲ್ಲಿ ಎಲ್ಲಿಯೋ ತೇವಗೊಂಡಿತು. ಒಳಗಿನ ಅಂಕಪಟ್ಟಿಯ ಪ್ರತಿ ಓದುವಂತೆಯೇ ಇತ್ತು; ಆದರೆ ಮೊಹರಿನ ಶಾಯಿ ಹರಡಿಹೋಗಿತ್ತು. ‘ದೃಢೀಕರಿಸಿದ ಅಧಿಕಾರಿಯ ಹುದ್ದೆ ಸ್ಪಷ್ಟವಾಗಿಲ್ಲ’ ಎಂಬ ಒಂದು ಸಾಲಿನೊಡನೆ ಅರ್ಜಿ ಹಿಂದಿರುಗಿತು. ಆ ಹೊತ್ತಿಗೆ ಕೊನೆಯ ದಿನಾಂಕ ಕಳೆದಿತ್ತು. ಮರುವರ್ಷ ಆ ಹುದ್ದೆಗಳಿಗೆ ಅರ್ಜಿ ಕರೆಯಲಿಲ್ಲ. ಅವನು ಮುಂಬಯಿಯ ಹೋಟೆಲಿಗೆ ಹೋದ; ಅಲ್ಲಿಂದ ಕೊಲ್ಲಿ ದೇಶಕ್ಕೆ ಹೋಗಿ ಚೆನ್ನಾಗಿಯೇ ದುಡಿದ. ಆದರೆ ಅವನ ಅಂಕಪಟ್ಟಿಯ ಬಗ್ಗೆ ಆ ಕಚೇರಿಗೆ ಯಾವ ಸಂಶಯವೂ ಇರಲಿಲ್ಲ ಎಂಬುದೇ ಇಲ್ಲಿ ಯೋಚಿಸಬೇಕಾದ ಮಾತು. ಆಯ್ಕೆಯಾಗಿದ್ದರೆ ಅವನು ಮೂಲ ಅಂಕಪಟ್ಟಿಯನ್ನು ಹೇಗೂ ತೋರಿಸಲೇಬೇಕಾಗಿತ್ತು. ಕೊನೆಯಲ್ಲಿ ಮೂಲವನ್ನೇ ನೋಡುವುದಿದ್ದರೆ ಮೊದಲಲ್ಲಿ ಮೂರನೆಯವನ ಸಾಕ್ಷಿ ಏಕೆ ಬೇಕಿತ್ತು? ಸಾವಿರಾರು ಅರ್ಜಿಗಳಲ್ಲಿ ಆಯ್ಕೆಯಾಗುವ ಹತ್ತಿಪ್ಪತ್ತು ಮಂದಿಯ ಪ್ರಾಮಾಣಿಕತೆಯನ್ನು ಪರೀಕ್ಷಿಸಲು ಉಳಿದ ಸಾವಿರಾರು ಮಂದಿಯನ್ನು ಬಸ್ಸಿನಲ್ಲಿ ಓಡಾಡಿಸುವ ಕ್ರಮವದು.

ಇಂಥ ಕ್ರಮಗಳನ್ನು ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಪ್ರತಿ ತೆಗೆಯುವ ಯಂತ್ರವಿಲ್ಲದ ಕಾಲದಲ್ಲಿ ಅಂಕಪಟ್ಟಿಯನ್ನು ಕೈಯಲ್ಲಿ ಬರೆದೋ ಬೆರಳಚ್ಚು ಮಾಡಿಯೋ ಕಳುಹಿಸಬೇಕಿತ್ತು. ಬರೆಯುವಾಗ 36 ಎಂಬುದು 86 ಆಗಬಹುದು. ಆದ್ದರಿಂದ ಹೋಲಿಸಿ ನೋಡಿದವರೊಬ್ಬರ ಸಹಿ ಅಗತ್ಯವಾಗಿತ್ತು. ಜೆರಾಕ್ಸ್ ಯಂತ್ರ ಮೂಲೆ ಮೂಲೆಯ ಅಂಗಡಿಗೆ ಬಂದ ಮೇಲೆ ಆ ಕಾರಣ ಹೋಯಿತು. ಸಹಿ ಮಾತ್ರ ಉಳಿಯಿತು. ಸರಕಾರಿ ಕಚೇರಿಗಳಲ್ಲಿ ಹೊಸ ನಿಯಮ ಬರುವಾಗ ಅದನ್ನು ಜಾರಿಗೆ ತರುವವರಿರುತ್ತಾರೆ. ಹಳೆಯದರ ಕಾರಣ ತೀರಿಹೋದಾಗ ಅದನ್ನು ಎತ್ತಿ ಆಚೆ ಇಡುವ ಕೆಲಸ ಯಾರದ್ದೂ ಆಗಿರುವುದಿಲ್ಲ. ಆಡಳಿತ ಸುಧಾರಣಾ ಆಯೋಗ ಬೇಕಾಗುವುದು ಇದಕ್ಕಾಗಿಯೇ ಎಂದು ನನಗೆ ತೋರುತ್ತದೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿಯೇ ಈ ಚಿಂತನೆ ಆರಂಭವಾಗಿತ್ತು. ಅಮೆರಿಕದ ಆಡಳಿತತಜ್ಞ ಪಾಲ್ ಆಪಲ್‌ಬಿ 1953ರಲ್ಲಿ ನಮ್ಮ ಆಡಳಿತವನ್ನು ಅಧ್ಯಯನ ಮಾಡಿ ವರದಿ ಕೊಟ್ಟರು. ಅದರ ಫಲವಾಗಿ 1954ರಲ್ಲಿ ಕೇಂದ್ರ ಸರಕಾರದಲ್ಲಿ ಕಚೇರಿಗಳ ಸಂಘಟನೆ ಮತ್ತು ಕಾರ್ಯವಿಧಾನವನ್ನು ನೋಡಿಕೊಳ್ಳುವ ಒಂದು ಪ್ರತ್ಯೇಕ ವಿಭಾಗ ಆರಂಭವಾಯಿತು. 1966ರ ಜನವರಿಯಲ್ಲಿ ಮೊದಲ ಆಡಳಿತ ಸುಧಾರಣಾ ಆಯೋಗ ಬಂತು. ಮೊರಾರ್ಜಿ ದೇಸಾಯಿ ಅದರ ಅಧ್ಯಕ್ಷರು. ಅದೇ ವರ್ಷದ ಅಕ್ಟೋಬರಿನಲ್ಲಿ ಕೊಟ್ಟ ಮೊದಲ ವರದಿಯಲ್ಲಿಯೇ ನಾಗರಿಕರ ಅಹವಾಲುಗಳನ್ನು ಕೇಳಲು ಲೋಕಪಾಲ ಮತ್ತು ಲೋಕಾಯುಕ್ತ ಬೇಕೆಂದು ಆ ಆಯೋಗ ಹೇಳಿತು. 1967ರಲ್ಲಿ ಮೊರಾರ್ಜಿಯವರು ಉಪಪ್ರಧಾನಿಯಾದಾಗ ಅಧ್ಯಕ್ಷ ಸ್ಥಾನಕ್ಕೆ ಬಂದವರು ನಮ್ಮ ಕೆಂಗಲ್ ಹನುಮಂತಯ್ಯನವರು. ವಿಧಾನಸೌಧವನ್ನು ಕಟ್ಟಿಸಿ, ಅದರ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆಯಿಸಿದವರಿಗೆ ಸರಕಾರದ ಕೆಲಸ ಹೇಗೆ ನಡೆಯಬೇಕೆಂದು ಹೇಳುವ ಹೊಣೆ ಬಂದುದು ಉಚಿತವೇ ಆಗಿತ್ತು. ಆ ಆಯೋಗ ಒಟ್ಟು 20 ವರದಿಗಳನ್ನು ಕೊಟ್ಟಿತು.

ಆ ಶಿಫಾರಸುಗಳ ನಡಿಗೆಯ ವೇಗವನ್ನೂ ನೋಡಿ. ಕರ್ನಾಟಕದಲ್ಲಿ ಲೋಕಾಯುಕ್ತದ ಕಾನೂನು 1984ರಲ್ಲಿ ಆಯಿತು. ಕೇಂದ್ರದಲ್ಲಿ ಲೋಕಪಾಲದ ಕಾನೂನು ಜಾರಿಗೆ ಬಂದದ್ದು 2014ರ ಜನವರಿಯಲ್ಲಿ. ಮೊದಲ ಲೋಕಪಾಲರ ನೇಮಕವಾದದ್ದು 2019ರಲ್ಲಿ. 1966ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ಓದಿ, ಕೆಲಸಕ್ಕೆ ಸೇರಿ, ನಿವೃತ್ತಿಯ ವಯಸ್ಸಿಗೆ ಬರುವಷ್ಟು ಕಾಲ ಒಂದು ಶಿಫಾರಸು ಕಾಯಿತು.

ಎರಡನೆಯ ಆಯೋಗ ನೇಮಕವಾದದ್ದು 2005ರ ಆಗಸ್ಟ್ 31ರಂದು. ಅಧ್ಯಕ್ಷರು ಮೂಡುಬಿದಿರೆಯ ಮಾರ್ಪಾಡಿಯಲ್ಲಿ ಹುಟ್ಟಿ, 1992ರಿಂದ 1994ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಂ. ವೀರಪ್ಪ ಮೊಯಿಲಿಯವರು. ರಾಜಕೀಯವಾಗಿ ಅವರನ್ನು ಮೆಚ್ಚುವವರೂ ಮೆಚ್ಚದವರೂ ನಿಮ್ಮಲ್ಲಿ ಇದ್ದೀರಿ. ಆ ಚರ್ಚೆ ಇಲ್ಲಿ ಬೇಡ. ಈ ಆಯೋಗ 15 ವರದಿಗಳನ್ನು ಸಿದ್ಧಪಡಿಸಿತು. 2006ರ ಜೂನ್‌ನಲ್ಲಿ ಬಂದ ಮೊದಲನೆಯದು ಆಗಷ್ಟೇ ಜಾರಿಗೆ ಬಂದಿದ್ದ ಮಾಹಿತಿ ಹಕ್ಕಿನ ಬಗ್ಗೆ. ಮುಂದೆ ಆಡಳಿತದಲ್ಲಿ ನೈತಿಕತೆ, ಸಿಬ್ಬಂದಿ ಆಡಳಿತ, ವಿದ್ಯುನ್ಮಾನ ಆಡಳಿತ ಮೊದಲಾದವು. 2009ರಲ್ಲಿ ಮೊಯಿಲಿಯವರು ಸ್ಥಾನವನ್ನು ಬಿಟ್ಟ ಮೇಲೆ ವಿ. ರಾಮಚಂದ್ರನ್ ಅವರು ಉಳಿದ ಕೆಲಸವನ್ನು ಮುಗಿಸಿದರು. ನಮ್ಮ ಕಥೆಗೆ ಸಂಬಂಧಿಸಿದ್ದು ಹನ್ನೆರಡನೆಯ ವರದಿ. 2009ರ ಫೆಬ್ರವರಿಯಲ್ಲಿ ಸಿದ್ಧವಾದ ಅದರ ವಿಷಯ ನಾಗರಿಕನನ್ನು ಕೇಂದ್ರದಲ್ಲಿಟ್ಟುಕೊಂಡ ಆಡಳಿತ. ಪ್ರತಿಯೊಂದು ಕಚೇರಿ ತಾನು ಕೊಡುವ ಸೇವೆ ಯಾವುದು, ಅದರ ಗುಣಮಟ್ಟ ಏನು, ಎಷ್ಟು ದಿನದಲ್ಲಿ ಕೊಡುತ್ತೇನೆ ಎಂಬುದನ್ನು ಮೊದಲು ಹೇಳಬೇಕು. ಹೇಳಿದಂತೆ ನಡೆಯುವ ಸಾಮರ್ಥ್ಯ ಬೆಳೆಸಿಕೊಳ್ಳಬೇಕು. ನಡೆಯಿತೋ ಇಲ್ಲವೋ ಎಂದು ತಾನೇ ಅಳೆದು ನೋಡಬೇಕು ಎಂಬುದು ಅದರ ಸಾರ. ಕಾರ್ಯವಿಧಾನಗಳನ್ನು ಸರಳಗೊಳಿಸಲು ಸ್ವಯಂ ದೃಢೀಕರಣವನ್ನು ಒಪ್ಪಿಕೊಳ್ಳಬೇಕೆಂಬ ಶಿಫಾರಸು ಇದ್ದದ್ದು ಆ ವರದಿಯಲ್ಲಿ.

ಅಂದರೆ, ಅಂಕಪಟ್ಟಿ ಯಾರದೋ ಅವರೇ ಪ್ರತಿಯ ಮೇಲೆ ಸಹಿ ಮಾಡಲಿ. ಸುಳ್ಳೆಂದು ತಿಳಿದುಬಂದರೆ ಶಿಕ್ಷೆಗೆ ಕಾನೂನು ಇದ್ದೇ ಇದೆ. ಇಷ್ಟೇ ಮಾತು. ಈ ಇಷ್ಟು ಮಾತು ದೆಹಲಿಯಿಂದ ಸಿದ್ಧಕಟ್ಟೆಗೆ ಬರಲು ಏಳು ವರ್ಷ ಹಿಡಿಯಿತು. 2013ರ ಮೇ ತಿಂಗಳಲ್ಲಿ ಕೇಂದ್ರದ ಆಡಳಿತ ಸುಧಾರಣೆ ಮತ್ತು ಸಾರ್ವಜನಿಕ ಕುಂದುಕೊರತೆಗಳ ಇಲಾಖೆ ಹನ್ನೆರಡನೆಯ ವರದಿಯನ್ನು ಉಲ್ಲೇಖಿಸಿ ಸ್ವಯಂ ದೃಢೀಕರಣವನ್ನು ಅಳವಡಿಸಿಕೊಳ್ಳುವಂತೆ ಪತ್ರ ಬರೆಯಿತು. 2014ರಲ್ಲಿ ಹೊಸ ಸರಕಾರ ಬಂದ ಮೇಲೆ ಅದಕ್ಕೆ ವೇಗ ಬಂತು. 2016ರ ಜೂನ್ 1ರಿಂದ ಕೇಂದ್ರ ಸರಕಾರದ ನೇಮಕಾತಿಗಳಲ್ಲಿ ಅಭ್ಯರ್ಥಿಯ ಸ್ವಯಂ ಘೋಷಣೆಯ ಮೇಲೆಯೇ ತಾತ್ಕಾಲಿಕ ನೇಮಕಾತಿ ಪತ್ರ ಕೊಡುವ ಕ್ರಮ ಜಾರಿಗೆ ಬಂತು; ಪರಿಶೀಲನೆ ಅನಂತರ. ಸಲಹೆ ಕೊಟ್ಟದ್ದು ಒಂದು ಪಕ್ಷದ ಸರಕಾರ ನೇಮಿಸಿದ ಆಯೋಗ, ಅದನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದದ್ದು ಇನ್ನೊಂದು ಪಕ್ಷದ ಸರಕಾರ. ನಮ್ಮಲ್ಲಿ ಅಪರೂಪಕ್ಕೆ ಹೀಗೂ ಆಗುತ್ತದೆ. ಆಗ ಅದನ್ನು ಗಮನಿಸಿ ಸಂತೋಷಪಡಬೇಕು.

ಪಾಸ್‌ಪೋರ್ಟಿನ ವಿಷಯದಲ್ಲಿಯೂ ನಮ್ಮ ಜಿಲ್ಲೆಗೆ ಹೇಳಿಕೊಳ್ಳುವುದಕ್ಕೆ ಒಂದಿಷ್ಟು ಇದೆ. ಮನೆಗೊಬ್ಬರಂತೆ ಕೊಲ್ಲಿ ದೇಶಗಳಿಗೆ ಹೋದ ಕರಾವಳಿಯವರಿಗೆ ಪಾಸ್‌ಪೋರ್ಟಿನ ಮಹತ್ವವನ್ನು ವಿವರಿಸಬೇಕಾಗಿಲ್ಲ. ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಹೊಸ ವ್ಯವಸ್ಥೆಯನ್ನು 2010ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಕೆಲವೇ ಊರುಗಳಲ್ಲಿ ಮಂಗಳೂರೂ ಒಂದು. ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಸೇವಾ ಕೇಂದ್ರವನ್ನು ತೆರೆಯುವ ಯೋಜನೆ 2017ರ ಜನವರಿಯಲ್ಲಿ ಮೊದಲು ಆರಂಭವಾದ ಎರಡು ಊರುಗಳಲ್ಲಿ ಮೈಸೂರು ಒಂದು, ಗುಜರಾತಿನ ದಾಹೋದ್ ಇನ್ನೊಂದು. 2016ರ ಡಿಸೆಂಬರಿನಲ್ಲಿ ಅರ್ಜಿಯೊಡನೆ ಕೊಡಬೇಕಾದ ಅನುಬಂಧಗಳನ್ನು 15ರಿಂದ 9ಕ್ಕೆ ಇಳಿಸಿ, ಅವುಗಳಿಗೆ ನೋಟರಿಯ ಮೊಹರು ಬೇಡ, ಬಿಳಿ ಹಾಳೆಯಲ್ಲಿ ಅರ್ಜಿದಾರನ ಸ್ವಯಂ ಘೋಷಣೆ ಸಾಕು ಎಂದರು. ಇಲ್ಲಿಯೂ ಅದೇ ಸೂತ್ರ: ಮೊದಲು ನಂಬು, ಅನಂತರ ಪರಿಶೀಲಿಸು.

ಇಷ್ಟನ್ನೇ ಹೇಳಿ ಮುಗಿಸಿದ್ದರೆ ಇದು ಸಂತೋಷದ ಕಥೆಯಾಗುತ್ತಿತ್ತು. ಆದರೆ ನನ್ನ ಅಕ್ಕನ ವಿಷಯವನ್ನು ಹೇಳದೆ ಮುಗಿಸಲಾರೆ.

ಅಕ್ಕ ಬೀಡಿ ಕಟ್ಟಿದವಳು. ನಾನು ಹೈಸ್ಕೂಲು, ಕಾಲೇಜು ಓದಿದ್ದು ಆ ದುಡಿಮೆಯ ಪಾಲಿನಿಂದ ಎಂಬುದನ್ನು ಬಂಧುಗಳೆಲ್ಲ ಬಲ್ಲಿರಿ. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುತ್ತಿದ್ದ ಆ ಕೈಗಳು ಮಾತಾಡುತ್ತಿರುವಾಗಲೂ ನಿಲ್ಲುತ್ತಿರಲಿಲ್ಲ. ಸಂಜೆ ಬೀಡಿ ಬ್ರಾಂಚಿಗೆ ಒಯ್ದು ಲೆಕ್ಕ ಕೊಟ್ಟು ಬರುವಳು. ಬೀಡಿ ಉದ್ದಿಮೆಯನ್ನು ಭವಿಷ್ಯನಿಧಿ ಕಾನೂನಿನ ವ್ಯಾಪ್ತಿಗೆ ತಂದದ್ದು 1977ರಲ್ಲಿ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರೂ ಆ ಕಾನೂನಿನ ಕಣ್ಣಿನಲ್ಲಿ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿತು. 1995ರ ನವೆಂಬರಿನಲ್ಲಿ ಪಿಂಚಣಿ ಯೋಜನೆ ಆರಂಭವಾಯಿತು. 2014ರ ಸೆಪ್ಟೆಂಬರಿನಿಂದ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ ₹1000 ಎಂದು ಗೊತ್ತುಪಡಿಸಿದರು. ಮೊತ್ತ ಚಿಕ್ಕದು. ಆದರೆ ಅಕ್ಕನಿಗೆ ಅದು ತಾನು ದುಡಿದದ್ದಕ್ಕೆ ಸರಕಾರ ಕೊಟ್ಟ ಸಾಕ್ಷಿ. ಅದರಲ್ಲಿ ಮೊಮ್ಮಕ್ಕಳಿಗೆ ಕೊಡುವ ಹತ್ತಿಪ್ಪತ್ತು ರೂಪಾಯಿಗೆ ಅವಳು ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ.

ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂಬ ಪ್ರಮಾಣಪತ್ರವನ್ನು ಕೊಡಬೇಕು. ಹಿಂದೆ ಇದಕ್ಕೂ ಅಧಿಕಾರಿಯೊಬ್ಬರ ಸಹಿ ಬೇಕಿತ್ತು. 2014ರ ನವೆಂಬರ್ 10ರಂದು ‘ಜೀವನ್ ಪ್ರಮಾಣ್’ ಎಂಬ ಹೊಸ ವ್ಯವಸ್ಥೆ ಆರಂಭವಾಯಿತು. ಆಧಾರ್ ಸಂಖ್ಯೆಯನ್ನು ಹೇಳಿ, ಯಂತ್ರದ ಮೇಲೆ ಬೆರಳಿಟ್ಟರೆ ಸಾಕು, ಪ್ರಮಾಣಪತ್ರ ತಾನಾಗಿಯೇ ಪಿಂಚಣಿ ಕೊಡುವವರಿಗೆ ತಲುಪುತ್ತದೆ. ಕಾಗದವಿಲ್ಲ, ಅಧಿಕಾರಿಯನ್ನು ಹುಡುಕಬೇಕಾಗಿಲ್ಲ. ಲಕ್ಷಾಂತರ ಹಿರಿಯರಿಗೆ ಇದರಿಂದ ನಿಜವಾಗಿಯೂ ಅನುಕೂಲವಾಯಿತು, ನನಗೂ ಆಯಿತು.

ಅಕ್ಕನಿಗೆ ಆಗಲಿಲ್ಲ. ಹತ್ತಿರದ ಪೇಟೆಯ ಒಂದು ಸೇವಾ ಕೇಂದ್ರಕ್ಕೆ ಅವಳನ್ನು ಕರೆದುಕೊಂಡು ಹೋದೆವು. ಹೆಬ್ಬೆರಳು ಇಟ್ಟಳು, ಯಂತ್ರ ಒಪ್ಪಲಿಲ್ಲ. ತೋರುಬೆರಳು ಇಟ್ಟಳು, ಅದೂ ಆಗಲಿಲ್ಲ. ಕೈ ತೊಳೆದು ಬನ್ನಿ ಎಂದರು. ಎಣ್ಣೆ ಹಚ್ಚಿ ಒರೆಸಿ ಎಂದರು. ನಾಳೆ ಬನ್ನಿ ಎಂದರು. ಹೀಗೆ ನಾಲ್ಕು ಸಲ. ದಶಕಗಳ ಕಾಲ ಎಲೆಯನ್ನೂ ನೂಲನ್ನೂ ಉಜ್ಜಿದ ಬೆರಳುಗಳಲ್ಲಿ ಗೆರೆಗಳು ಸವೆದುಹೋಗಿದ್ದವು. ನಾಲ್ಕನೆಯ ಸಲ ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ನಗುತ್ತ, “ತಮ್ಮಾ, ನಾನು ಬದುಕಿದ್ದೇನೆಂದು ಆ ಮಿಷನ್ನಿಗೆ ನಂಬಿಕೆ ಬರುವುದಿಲ್ಲವಂತೆ” ಎಂದಳು. ನಾನು ನಗಲಿಲ್ಲ. ಯಾವ ದುಡಿಮೆಗಾಗಿ ಪಿಂಚಣಿ ಸಿಗುತ್ತಿತ್ತೋ ಅದೇ ದುಡಿಮೆ ಅಳಿಸಿದ ಗೆರೆಗಳನ್ನು ಆ ಪಿಂಚಣಿಗಾಗಿ ತೋರಿಸು ಎಂದು ಕೇಳಿದಂತಾಗಿತ್ತು. ಎದುರಿಗಿದ್ದ ಹುಡುಗ ಒಳ್ಳೆಯವನೇ. ಅವಳು ಬದುಕಿದ್ದಾಳೆಂಬುದು ಅವನ ಕಣ್ಣಿಗೆ ಕಾಣುತ್ತಿತ್ತು. ಆದರೆ ಕಂಡದ್ದನ್ನು ಬರೆದು ಸಹಿ ಮಾಡುವ ಅಧಿಕಾರ ಅವನಿಗೆ ಇರಲಿಲ್ಲ. ಕೊನೆಗೆ ಇನ್ನೊಂದು ಕಡೆ ಕಣ್ಣಿನ ಪಾಪೆಯನ್ನು ಗುರುತಿಸುವ ಯಂತ್ರವಿದೆಯೆಂದು ತಿಳಿದು ಅಲ್ಲಿಗೆ ಹೋದೆವು, ಕೆಲಸವಾಯಿತು.

ಅದಾದ ಮೇಲೆ ವ್ಯವಸ್ಥೆ ಸುಧಾರಿಸಿದೆ ಎಂಬುದನ್ನೂ ಹೇಳಬೇಕು. 2020ರ ನವೆಂಬರಿನಿಂದ ಅಂಚೆಯವರೇ ಮನೆಗೆ ಬಂದು, ಸ್ವಲ್ಪ ಶುಲ್ಕ ತೆಗೆದುಕೊಂಡು, ಜೀವನ ಪ್ರಮಾಣಪತ್ರ ಮಾಡಿಕೊಡುವ ಏರ್ಪಾಡಾಯಿತು. ಭವಿಷ್ಯನಿಧಿಯ ಪಿಂಚಣಿದಾರರು ವರ್ಷದ ಯಾವ ತಿಂಗಳಲ್ಲಿಯಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ಅದು ನಡೆಯುತ್ತದೆ ಎಂದಾಯಿತು. 2021ರ ನವೆಂಬರಿನಲ್ಲಿ ಮುಖವನ್ನು ನೋಡಿ ಗುರುತಿಸುವ ತಂತ್ರ ಬಂತು. 2022ರಲ್ಲಿ ಭವಿಷ್ಯನಿಧಿ ಸಂಘಟನೆಯೂ ಅದನ್ನು ಆರಂಭಿಸಿತು. ಈಗ ಮೊಮ್ಮಗ ತನ್ನ ಮೊಬೈಲನ್ನು ಅವಳ ಮುಖಕ್ಕೆ ಹಿಡಿದು, “ಅಜ್ಜೀ, ಒಮ್ಮೆ ಕಣ್ಣು ಮುಚ್ಚಿ ತೆರೆಯಿರಿ” ಎನ್ನುತ್ತಾನೆ. ಅಂಗಳದಲ್ಲಿಯೇ ಕೆಲಸ ಮುಗಿಯುತ್ತದೆ. 2025ರ ಜನವರಿಯಿಂದ ಈ ಪಿಂಚಣಿಯನ್ನು ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಿಯಾದರೂ ಪಡೆಯಬಹುದಾಗಿದೆ. ಇವೆಲ್ಲ ಸಣ್ಣ ಸಂಗತಿಗಳಲ್ಲ. ಹೀಗೆ ಸುಧಾರಿಸಿದವರ ಹೆಸರು ನಮಗೆ ಗೊತ್ತಿಲ್ಲ. ಅವರಿಗೆ ಒಂದು ನಮಸ್ಕಾರ ಸಲ್ಲಬೇಕು.

ಬೆರಳಿನ ತೊಡಕು ಬಗೆಹರಿದರೂ ಹೆಸರಿನ ತೊಡಕು ಎಷ್ಟೋ ಮನೆಗಳಲ್ಲಿ ಉಳಿದಿದೆ. ನಮ್ಮ ಊರಿನ ಹೆಂಗಸರ ಹೆಸರುಗಳನ್ನು ಗಮನಿಸಿ. ಹುಟ್ಟಿದಾಗ ಮನೆಯಲ್ಲಿ ಕರೆದದ್ದು ಒಂದು, ಶಾಲೆಯಲ್ಲಿ ಬರೆಸಿದ್ದು ಇನ್ನೊಂದು, ಮದುವೆಯ ನಂತರ ಗಂಡನ ಹೆಸರು ಸೇರಿ ಮತ್ತೊಂದು, ಬೀಡಿ ಬ್ರಾಂಚಿನ ಪುಸ್ತಕದಲ್ಲಿ ಬರೆದುಕೊಂಡವರ ಕಿವಿಗೆ ಕೇಳಿಸಿದ್ದು ಮಗದೊಂದು. ಹುಟ್ಟಿದ ದಿನವೂ ಹಾಗೆಯೇ. ಆ ತಲೆಮಾರಿನ ತಾಯಂದಿರು ‘ಆಟಿಯಲ್ಲಿ ಹುಟ್ಟಿದ್ದು, ಅಮಾವಾಸ್ಯೆಯ ಮರುದಿನ’ ಎಂದು ಹೇಳಿದರೆ, ಹಳೆಯ ಮುಖ್ಯೋಪಾಧ್ಯಾಯರು ಶಾಲೆಗೆ ಸೇರುವ ವಯಸ್ಸಿಗೆ ಹೊಂದುವ ಒಂದು ದಿನಾಂಕವನ್ನು ದಾಖಲಾತಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಅಂದು ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಒಂದೊಂದು ಕಚೇರಿ ಒಂದೊಂದು ಪುಸ್ತಕ ಇಟ್ಟುಕೊಂಡಿತ್ತು. ಆ ಪುಸ್ತಕಗಳು ಪರಸ್ಪರ ಮಾತಾಡುತ್ತಿರಲಿಲ್ಲ. ಈಗ ಎಲ್ಲವೂ ಗಣಕಯಂತ್ರದೊಳಗೆ ಎದುರು ಬದುರಾಗಿ ಕುಳಿತಿವೆ. ಒಂದು ಅಕ್ಷರ ಹೆಚ್ಚು ಕಡಿಮೆಯಾದರೂ ಇಬ್ಬರು ಬೇರೆ ಬೇರೆ ಹೆಂಗಸರೆಂದು ತೀರ್ಮಾನಿಸುತ್ತವೆ.

2025ರ ಜನವರಿಯಲ್ಲಿ ಭವಿಷ್ಯನಿಧಿ ಸಂಘಟನೆ ಇದಕ್ಕೂ ಒಂದು ಪರಿಹಾರ ಕಂಡುಕೊಂಡಿತು. ಸದಸ್ಯರು ತಮ್ಮ ಹೆಸರು, ಜನ್ಮದಿನಾಂಕ ಮೊದಲಾದ ವಿವರಗಳನ್ನು ಮಾಲೀಕರ ಒಪ್ಪಿಗೆಗಾಗಿ ಕಾಯದೆ ತಾವೇ ತಿದ್ದಿಕೊಳ್ಳಬಹುದು. ಆದರೆ ಈ ಸೌಲಭ್ಯ 2017ರ ಅಕ್ಟೋಬರ್ 1ರ ನಂತರ ಆಧಾರ್ ಜೋಡಿಸಿ ಖಾತೆ ಸಂಖ್ಯೆ ಪಡೆದವರಿಗೆ. ಅಂದರೆ ಹೊಸ ತಲೆಮಾರಿಗೆ. ಅವರ ದಾಖಲೆಗಳು ಮೊದಲೇ ಸರಿಯಾಗಿರುವ ಸಂಭವ ಹೆಚ್ಚು. ನಿಜವಾಗಿ ತಿದ್ದುಪಡಿ ಬೇಕಾಗಿರುವ ಹಳೆಯ ಬೀಡಿ ಕಾರ್ಮಿಕರಿಗೆ ಮಾಲೀಕರ ಒಪ್ಪಿಗೆಯ ದಾರಿಯೇ ಗತಿ. ಬ್ರಾಂಚು ಮುಚ್ಚಿ ಎಷ್ಟೋ ವರ್ಷಗಳಾಗಿದ್ದರೆ ಆ ದಾರಿ ಎಷ್ಟು ದೂರವೆಂದು ಊಹಿಸಿಕೊಳ್ಳಿ. ಸುಧಾರಣೆ ಸಾಮಾನ್ಯವಾಗಿ ಸುಲಭವಾದ ಕಡೆಯಿಂದ ಆರಂಭವಾಗುತ್ತದೆ. ಅದು ತಪ್ಪಲ್ಲ. ಆದರೆ ಕಷ್ಟವಿರುವ ತುದಿಗೆ ತಲುಪುವ ಮುನ್ನವೇ ‘ಆಯಿತು’ ಎಂದು ಘೋಷಿಸಬಾರದು.

ಇನ್ನೊಂದು ಕೊರತೆಯನ್ನೂ ಹೇಳುತ್ತೇನೆ. ಕರ್ನಾಟಕ ಸರಕಾರದ ‘ಸಕಾಲ’ ನಿಮಗೆ ಗೊತ್ತು. 2012ರಲ್ಲಿ ರಾಜ್ಯಕ್ಕೆಲ್ಲ ಹರಡುವ ಮುನ್ನ ಅದನ್ನು ಪ್ರಾಯೋಗಿಕವಾಗಿ ನಡೆಸಿದ ನಾಲ್ಕು ತಾಲೂಕುಗಳಲ್ಲಿ ನಮ್ಮ ನೆರೆಯ ಪುತ್ತೂರೂ ಒಂದು. ಅರ್ಜಿ ಕೊಟ್ಟವನಿಗೆ ಒಂದು ಸಂಖ್ಯೆ, ಕೆಲಸಕ್ಕೆ ಒಂದು ಗಡುವು, ತಡವಾದರೆ ದಿನಕ್ಕೆ ₹20ರಂತೆ ₹500ರವರೆಗೆ ಪರಿಹಾರ. ಮೊತ್ತ ಮುಖ್ಯವಲ್ಲ, ತಡವಾದದ್ದು ಕಚೇರಿಯ ಲೆಕ್ಕದಲ್ಲಿ ಬರೆಯಲ್ಪಡುತ್ತದೆ ಎಂಬುದು ಮುಖ್ಯ. ಕೇಂದ್ರದಲ್ಲಿ ಇಂಥದೇ ಮಸೂದೆಯೊಂದನ್ನು 2011ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಲಾಗಿತ್ತು. 2014ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಅದೂ ಬಿದ್ದುಹೋಯಿತು. ಕೇಂದ್ರದ ಕಚೇರಿಗಳ ವಿರುದ್ಧ ದೂರು ಕೊಡಲು 2007ರಿಂದ ಅಂತರ್ಜಾಲದಲ್ಲಿ ವ್ಯವಸ್ಥೆಯಿದೆ. ಉತ್ತರ ಕೊಡುವ ಗಡುವನ್ನು 2024ರ ಆಗಸ್ಟಿನಲ್ಲಿ 21 ದಿನಕ್ಕೆ ಇಳಿಸಿದ್ದಾರೆ. ಒಳ್ಳೆಯದೇ. ಆದರೆ ಆದೇಶವು ಕಚೇರಿಯ ಒಳ್ಳೆಯತನ, ಕಾನೂನು ನಾಗರಿಕನ ಹಕ್ಕು. ಇವೆರಡರ ನಡುವಿನ ವ್ಯತ್ಯಾಸವನ್ನು ನೀವು ಪೌರನೀತಿಯಲ್ಲಿ ಓದಿದ್ದೀರಿ.

ನನ್ನ ತಿಳಿವಳಿಕೆಯಲ್ಲಿ ಆಡಳಿತ ಸುಧಾರಣೆಯೆಂದರೆ ಗಣಕಯಂತ್ರವನ್ನು ತರುವುದಷ್ಟೇ ಅಲ್ಲ. ಒಂದು ವಿಧಾನವು ಎದುರಿಗೆ ನಿಂತವರನ್ನು ಮೊದಲು ನಂಬುತ್ತದೆಯೋ, ಸಂಶಯಪಡುತ್ತದೆಯೋ ಎಂಬುದೇ ಅದರ ತಿರುಳು. ಹಸಿರು ಶಾಯಿ ಸಂಶಯದಿಂದ ಆರಂಭಿಸುತ್ತಿತ್ತು. ಸ್ವಯಂ ದೃಢೀಕರಣ ನಂಬಿಕೆಯಿಂದ ಆರಂಭಿಸಿತು. ಅದರಿಂದ ಸರಕಾರವೇನೂ ಮುಳುಗಿಹೋಗಲಿಲ್ಲ. ಬೆರಳಿನ ಯಂತ್ರ ಬಸ್ಸಿನ ಓಡಾಟವನ್ನು ತಪ್ಪಿಸಿತು. ಆದರೆ ಅದು ಒಪ್ಪದಿದ್ದಾಗ ನಂಬುವ ಅಧಿಕಾರವುಳ್ಳ ಒಬ್ಬ ಮನುಷ್ಯನನ್ನು ಪಕ್ಕದಲ್ಲಿ ಇರಿಸಲು ಮರೆಯಿತು. ಯಂತ್ರವೂ ಇರಲಿ, ಅದರ ಪಕ್ಕದಲ್ಲಿ ಆ ಮನುಷ್ಯನೂ ಇರಲಿ ಎಂಬುದೇ ನನ್ನ ಕೋರಿಕೆ.

ನಿಮ್ಮಲ್ಲಿ ಕೆಲವರು ಇಂದು ಅಂಚೆ ಕಚೇರಿಯಲ್ಲಿದ್ದೀರಿ, ಬ್ಯಾಂಕಿನಲ್ಲಿದ್ದೀರಿ, ರೈಲ್ವೆಯಲ್ಲಿದ್ದೀರಿ. ಒಬ್ಬಿಬ್ಬರು ದೆಹಲಿಯವರೆಗೂ ಹೋಗಿದ್ದೀರಿ. ಆಯೋಗದ ವರದಿ ಬರುವವರೆಗೆ ನೀವು ಕಾಯಬೇಕಾಗಿಲ್ಲ. ನಿಮ್ಮ ಮೇಜಿಗೆ ಬರುವ ಅರ್ಜಿ ನಮೂನೆಯನ್ನು ಒಂದು ಬಿಡುವಿನ ಹೊತ್ತಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿ. ಅದರಲ್ಲಿ ಕೇಳಿದ ಯಾವ ಕಾಗದ ನಿಮ್ಮದೇ ಕಚೇರಿಯಲ್ಲಿ ಮೊದಲೇ ಇದೆ ಎಂದು ಗುರುತು ಹಾಕಿ. ಯಾವ ಸಹಿಯ ಕಾರಣ ತೀರಿಹೋಗಿದೆ ಎಂದು ಮೇಲಿನವರಿಗೆ ಒಂದು ಟಿಪ್ಪಣಿ ಬರೆಯಿರಿ. ಹತ್ತು ಟಿಪ್ಪಣಿಗಳಲ್ಲಿ ಒಂದಕ್ಕೆ ಉತ್ತರ ಬಂದರೂ ಒಂದು ಊರಿನ ಓಡಾಟ ಉಳಿದೀತು.

ಉಳಿದವರಿಗೂ ಒಂದು ಚಿಕ್ಕ ಕೆಲಸವಿದೆ. ಮನೆಯಲ್ಲಿ ಪಿಂಚಣಿ ಪಡೆಯುವ ಹಿರಿಯರಿದ್ದರೆ ಅವರ ಆಧಾರ್, ಬ್ಯಾಂಕ್ ಪುಸ್ತಕ, ಪಿಂಚಣಿ ಆದೇಶ ಈ ಮೂರರಲ್ಲಿ ಹೆಸರೂ ಹುಟ್ಟಿದ ದಿನವೂ ಒಂದೇ ರೀತಿ ಇವೆಯೇ ಎಂದು ನೋಡಿ. ಇಲ್ಲದಿದ್ದರೆ ಅವರು ಗಟ್ಟಿಮುಟ್ಟಾಗಿ ಓಡಾಡುವಾಗಲೇ ತಿದ್ದಿಸಿ. ನವೆಂಬರ್ ಬಂದಾಗ ಅವರ ಪಕ್ಕದಲ್ಲಿ ಹತ್ತು ನಿಮಿಷ ಕುಳಿತು ಜೀವನ ಪ್ರಮಾಣಪತ್ರವನ್ನು ಮಾಡಿಕೊಡಿ. ಎಲ್ಲರಿಗೂ ಶುಭವಾಗಲಿ.